ಷಡಕ್ಷರಪ್ಪನ ಪುಸ್ತಕದ ಮಂಡಿ

ಷಡಕ್ಷರಪ್ಪನಿಗೆ ಓದುವ ಅಭ್ಯಾಸ ಇರಲಿಲ್ಲ. ಬೆಳಿಗ್ಗೆ ಪೇಪರ್ ಬಂದರೆ ಅಡಿಕೆ ಧಾರಣೆಯ ಪುಟ ನೋಡಿ ಮಡಚಿಡುತ್ತಿದ್ದ. ಹೆಂಡತಿ ವೀರಮ್ಮ ಶ್ರಾವಣದಲ್ಲಿ ಮನೆಗೆ ಅಯ್ಯನವರನ್ನು ಕರೆಸಿ ಪುರಾಣ ಓದಿಸಿದರೆ, ಎರಡನೆಯ ಅಧ್ಯಾಯಕ್ಕೆ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದ. ಇಂಥವನು ಶಿವಮೊಗ್ಗದಲ್ಲಿ ಹಳೆಯ, ಅಪರೂಪದ ಪುಸ್ತಕಗಳ ಹರಾಜಿನ ಮನೆಯೊಂದನ್ನು ಶುರು ಮಾಡಿ ಹದಿನೈದು ವರ್ಷ ನಡೆಸಿದ. ಓದುವವನಾಗಿದ್ದರೆ ಒಂದು ವರ್ಷವೂ ನಡೆಸುತ್ತಿರಲಿಲ್ಲ. ಓದುವವರಿಗೆ ಪುಸ್ತಕ ಕೊಳ್ಳಲು ಬರುತ್ತದೆ, ಮಾರಲು ಬರುವುದಿಲ್ಲ.

ಅವನದು ಅಡಿಕೆ ಮಂಡಿಯ ಮನೆತನ. ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಅವರ ಮಂಡಿ ಇತ್ತು. ಉದ್ದನೆಯ ಹಜಾರ, ಮುಂದೆ ಸೊಂಟದೆತ್ತರದ ಕಟ್ಟೆ, ಹಿಂದೆ ಮಾಲು ಹರವುವ ಅಂಗಳ. ವ್ಯಾಪಾರವೆಲ್ಲ ಎಪಿಎಂಸಿ ಯಾರ್ಡಿಗೆ ಹೋದಾಗ ಅಣ್ಣ ಲಿಂಗಪ್ಪ ಲೈಸೆನ್ಸು, ಗುಮಾಸ್ತರು, ಗಿರಾಕಿಗಳನ್ನೆಲ್ಲ ಕಟ್ಟಿಕೊಂಡು ಅಲ್ಲಿಗೆ ಹೋದ. ಪಾಲಾದಾಗ ತಮ್ಮನಿಗೆ ಬಂದದ್ದು ಖಾಲಿ ಕಟ್ಟಡ. ಅದರಲ್ಲಿ ಬೆಲ್ಲ ಇಟ್ಟು ನೋಡಿದ, ಇರುವೆ ತಿಂದವು. ಗೊಬ್ಬರದ ಮೂಟೆ ಇಟ್ಟು ನೋಡಿದ, ಪಕ್ಕದ ಬಟ್ಟೆ ಅಂಗಡಿಯವರು ಸೀರೆಯೆಲ್ಲ ನಾರುತ್ತಿವೆ ಎಂದು ಜಗಳಕ್ಕೆ ಬಂದರು.

1992ರ ಮಳೆಗಾಲದಲ್ಲಿ ಭದ್ರಾವತಿಯ ರದ್ದಿ ವ್ಯಾಪಾರಿ ಮೂರ್ತಪ್ಪನ ಗೋಡೌನಿನ ತಗಡು ಹಾರಿಹೋಯಿತು. ಅವನು ಎರಡು ಟೆಂಪೋ ತುಂಬ ಹಳೇ ಪುಸ್ತಕ ತಂದು ಈ ಖಾಲಿ ಮಂಡಿಯಲ್ಲಿ ಇಳಿಸಿದ. ಹಳೇನಗರದಲ್ಲಿ ಮುಚ್ಚಿಹೋಗಿದ್ದ ವಾಚನಾಲಯವೊಂದರ ಮಾಲು. ಒಣಗಿದ ಮೇಲೆ ರಟ್ಟು ಮಾಡುವ ಕಾರ್ಖಾನೆಗೆ ಹಾಕುವುದೆಂದು ಅವನ ಲೆಕ್ಕ. ಸುದ್ದಿ ಷಡಕ್ಷರಪ್ಪನ ಅಕ್ಕನ ಮಗ ಜ್ಞಾನೇಶನಿಗೆ ಮುಟ್ಟಿತು. ಜ್ಞಾನೇಶ ಖಾಸಗಿ ಕಾಲೇಜೊಂದರಲ್ಲಿ ಇತಿಹಾಸದ ತಾತ್ಕಾಲಿಕ ಮೇಷ್ಟ್ರು. ಕೆಲಸ ಖಾಯಂ ಆಗುವ ಸೂಚನೆ ಇರಲಿಲ್ಲ, ಹಾಗಾಗಿ ಓದಲು ಬೇಕಾದಷ್ಟು ಹೊತ್ತಿತ್ತು. ಬಂದವನು ಮೂಟೆಗಳ ಮೇಲೆ ಹತ್ತಿ ಕೂತು ಸಂಜೆಯವರೆಗೆ ಇಳಿಯಲಿಲ್ಲ. ಮಾರನೆಯ ದಿನ ಕಾಲೇಜಿನ ಇಬ್ಬರು ಹಿರಿಯ ಮೇಷ್ಟ್ರುಗಳನ್ನು ಕರೆತಂದ.

ಅವರಿಬ್ಬರ ಕೈ ಒಂದೇ ಪುಸ್ತಕದ ಮೇಲೆ ಬಿತ್ತು. ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ್ದ, ಮಕ್ಕಳ ಲೆಕ್ಕದ ಪುಸ್ತಕ. ಒಬ್ಬರು ಒಂದು ಬೆಲೆ ಹೇಳಿದರು, ಇನ್ನೊಬ್ಬರು ಅದರ ಮೇಲೆ ಹೇಳಿದರು. ಸ್ವಲ್ಪ ಹೊತ್ತಿಗೆ ಪುಸ್ತಕದ ಮಾತು ಹೋಗಿ ಒಬ್ಬರ ಪಿಎಚ್‌ಡಿ ಯಾರು ಬರೆದುಕೊಟ್ಟದ್ದು ಎಂಬಲ್ಲಿಗೆ ಬಂತು. ಕಟ್ಟೆಯ ಮೇಲೆ ಕೂತಿದ್ದ ಷಡಕ್ಷರಪ್ಪನಿಗೆ ಇದನ್ನು ಸಹಿಸಲಾಗಲಿಲ್ಲ. ಅಪ್ಪನ ಕಾಲದಲ್ಲಿ ಆ ಹಜಾರದಲ್ಲಿ ಯಾರೂ ಬೆಲೆ ಕೂಗಿದ್ದಿಲ್ಲ.

“ಸ್ವಾಮಿ, ಇದು ಮೀನು ಮಾರ್ಕೆಟ್ಟಲ್ಲ, ಮಂಡಿ. ಬಾಯಿ ಮುಚ್ಕೊಂಡು ಚೀಟಿ ಬರೀರಿ” ಅಂದ.

ಅಡಿಕೆ ಮಂಡಿಯಲ್ಲಿ ಹೀಗೆ: ಖರೀದಿದಾರ ಮಾಲು ನೋಡುತ್ತಾನೆ, ತನ್ನ ಬೆಲೆಯನ್ನು ಚೀಟಿಯಲ್ಲಿ ಬರೆದು ಮಡಚಿ ಪೆಟ್ಟಿಗೆಗೆ ಹಾಕುತ್ತಾನೆ. ಶುರುವಿಗೊಂದು ಗಂಟೆ, ಕೊನೆಗೊಂದು ಗಂಟೆ, ಕೊನೆಯದು ಹೊಡೆದ ಮೇಲೆ ಚೀಟಿ ಬಿಚ್ಚುತ್ತಾರೆ. ಹೆಚ್ಚು ಬರೆದವನದು ಮಾಲು. ಮೇಷ್ಟ್ರುಗಳು ಬೇರೆ ಬೇರೆ ಮೂಲೆಗೆ ಹೋಗಿ, ಪರೀಕ್ಷೆಗೆ ಕೂತ ಮಕ್ಕಳಂತೆ ಅಂಗೈ ಅಡ್ಡ ಇಟ್ಟುಕೊಂಡು ಬರೆದರು. ಗೆದ್ದ ಚೀಟಿ ಬಿಚ್ಚಿದ ಷಡಕ್ಷರಪ್ಪ ಸೊನ್ನೆ ಸರಿಯಾಗಿ ಇವೆಯೇ ನೋಡು ಎಂದು ಜ್ಞಾನೇಶನ ಕೈಗೆ ಕೊಟ್ಟ. ಸರಿಯಾಗಿಯೇ ಇದ್ದವು. ಸೋತವರ ಚೀಟಿಯನ್ನು ಓದದೆ ನೀರಿನ ಬಕೆಟ್ಟಿಗೆ ಹಾಕಿದ. ಅದು ಅಪ್ಪನ ನಿಯಮ. ಸೋತವನ ರೇಟು ಸೋತವನಿಗೆ ಮಾತ್ರ ಗೊತ್ತಿರಬೇಕು.

ಮಧ್ಯಾಹ್ನ ಊಟಕ್ಕೆ ಕೂತು, ಸಿಪ್ಪೆಗೋಟಿನಂಥ ಕಡೇ ಮಾಲಿಗೆ ಮೇಲ್ದರ್ಜೆ ಸರಕಿನ ರೇಟು ಬಿತ್ತು ಕಣೆ ಎಂದು ಹೆಂಡತಿಗೆ ಹೇಳಿದ. ವೀರಮ್ಮ ರೊಟ್ಟಿ ಹಾಕುತ್ತಾ, ಓದೋರಿಗೆ ಬುದ್ಧಿ ಇರಲ್ಲ ಅಂತ ನಮ್ಮಪ್ಪ ಅವಾಗ್ಲೇ ಹೇಳ್ತಿದ್ದ ಅಂದಳು.

ಶುರುವಾದದ್ದು ಹೀಗೆ. ಮೂರ್ತಪ್ಪ ರದ್ದಿಯಲ್ಲಿ ಬಂದ ಪುಸ್ತಕ ಕಳಿಸಬೇಕು, ಜ್ಞಾನೇಶ ದರ್ಜೆ ಹಾಕಬೇಕು, ಷಡಕ್ಷರಪ್ಪ ಮಾರಬೇಕು. ಪ್ರತಿ ತಿಂಗಳ ಎರಡನೇ ಭಾನುವಾರ ಹರಾಜು. ಬಾಗಿಲ ಮೇಲೆ ‘ಹಳೇ ಪುಸ್ತಕದ ಮಂಡಿ’ ಎಂಬ ಬೋರ್ಡು ಬಂತು. ದರ್ಜೆಗಳೂ ಅಡಿಕೆಯವೇ. ಅಪರೂಪದ್ದು ಸರಕು, ಅದಕ್ಕಿಂತ ಕೆಳಗಿನದು ಬೆಟ್ಟೆ, ಸಾಧಾರಣದ್ದು ರಾಶಿ. ಪುಟ ಹೋದದ್ದು, ಹುಳ ತಿಂದದ್ದು ಗೊರಬಲು, ಅದನ್ನು ಮೂಟೆ ಲೆಕ್ಕದಲ್ಲಿ ಕೊಡುವುದು. ಮೊದಮೊದಲು ಮೇಷ್ಟ್ರುಗಳು ನಕ್ಕರು. ವರ್ಷ ಕಳೆಯುವುದರೊಳಗೆ ಅವರೇ, ನಮ್ಮ ತಾತನ ವ್ಯಾಕರಣದ ಪುಸ್ತಕ ಬೆಟ್ಟೆಗೆ ಹಾಕಿದೀರಲ್ಲ, ಅದು ಸರಕು ಕಣ್ರೀ ಎಂದು ಜಗಳ ಆಡತೊಡಗಿದರು. ಊರಿನ ಕವಿಯೊಬ್ಬರು ಒಂದು ಭಾನುವಾರ ಬಂದು ಗೊರಬಲಿನ ಮೂಟೆಯಲ್ಲಿ ತಮ್ಮದೇ ಸಂಕಲನ ಕಂಡರು. ‘ಜೀವದ ಗೆಳೆಯನಿಗೆ’ ಎಂದು ಅವರೇ ಬರೆದು ಸಹಿ ಹಾಕಿ ಕೊಟ್ಟ ಪ್ರತಿ. ಅವರು ಇಡೀ ಮೂಟೆಗೆ ಚೀಟಿ ಹಾಕಿ ಗೆದ್ದು, ಆಟೋದಲ್ಲಿ ಹೊತ್ತುಕೊಂಡು ಹೋದರು.

ಸಂಬಳದ ಜನಕ್ಕೆ ಈ ಪದ್ಧತಿ ಹಿಡಿಸಿದ್ದಕ್ಕೆ ಕಾರಣ ಇತ್ತು. ಕೂಗುವ ಹರಾಜಿನಲ್ಲಿ ಪ್ರಿನ್ಸಿಪಾಲರು ಬೆಲೆ ನಿಲ್ಲಿಸಿ, ಅವರ ಕೈಕೆಳಗಿನ ಗುಮಾಸ್ತ ಮುಂದೆ ಹೋದರೆ ಸೋಮವಾರ ಇಬ್ಬರಿಗೂ ಕಷ್ಟ. ಚೀಟಿಯಲ್ಲಿ ಆ ತೊಂದರೆ ಇಲ್ಲ.

ಮಾಲು ಚೊಕ್ಕ ಮಾಡುವುದು ವೀರಮ್ಮನ ಪಾಲಿಗೆ ಬಂತು. ಹಿಂದೆ ಇದೇ ಅಂಗಳದಲ್ಲಿ ಅಡಿಕೆ ಆರಿಸುತ್ತಿದ್ದ ಚಿನ್ನಮ್ಮ, ಪುಟ್ಟಲಕ್ಷ್ಮಿಯರನ್ನು ಅವಳು ಕರೆಸಿಕೊಂಡಳು. ಅವರು ಪುಸ್ತಕಗಳನ್ನು ಚಾಪೆಯ ಮೇಲೆ ಬಿಸಿಲಿಗೆ ಹರವಿ, ಹುಳ ಕೊಡವಿ, ಬೇವಿನ ಸೊಪ್ಪು ಇಟ್ಟು ಕಟ್ಟುತ್ತಿದ್ದರು. ಒಳಗಿದ್ದ ಬಸ್ ಟಿಕೆಟ್ಟು, ಒಣಗಿದ ಹೂವು, ಹಳೇ ನ್ಯೂಸ್‌ಪೇಪರಿನ ಬೈಂಡು ಎಲ್ಲ ಕಿತ್ತು ಗುಡ್ಡೆ ಹಾಕುತ್ತಿದ್ದರು. ಅಡಿಕೆ ಆರಿಸುವಾಗ ಉದುರಿದ ಹುಡಿ ಆರಿಸಿದ ಹೆಂಗಸರಿಗೆ ಸೇರುವುದು ಮಂಡಿಯ ಹಳೇ ಪದ್ಧತಿ. ಪುಸ್ತಕದ ಕಸಕ್ಕೂ ಅದೇ ಪದ್ಧತಿ ಆಯಿತು. ಚಿನ್ನಮ್ಮ ಆ ಕಸವನ್ನು ಅರ್ಧ ಬಸ್‌ಸ್ಟ್ಯಾಂಡಿನ ಕಡಲೆಕಾಯಿ ಗಾಡಿಯವನಿಗೆ, ಅರ್ಧ ಮೂರ್ತಪ್ಪನ ರದ್ದಿಗೆ ಹಾಕುತ್ತಿದ್ದಳು. ಎಷ್ಟೋ ವರ್ಷ ಇದರಿಂದ ಯಾರಿಗೂ ನಷ್ಟ ಆಗಲಿಲ್ಲ, ಅಥವಾ ಆದದ್ದು ಯಾರಿಗೂ ಗೊತ್ತಾಗಲಿಲ್ಲ.

ಮಂಡಿ ನಡೆಯುತ್ತಿತ್ತು, ಆದರೆ ಷಡಕ್ಷರಪ್ಪನ ಮನಸ್ಸಿನಲ್ಲಿ ಒಂದು ಕೊರಗಿತ್ತು. ಅವನಿಗೆ ಬರುತ್ತಿದ್ದದ್ದೆಲ್ಲ ರದ್ದಿಯಿಂದ ಹೆಕ್ಕಿದ ಮಾಲು. ಒಳ್ಳೆಯ ಸಂಗ್ರಹ ಇದ್ದ ಮನೆಯವರು ಬೆಂಗಳೂರಿನ ವ್ಯಾಪಾರಿಗಳನ್ನು ಕರೆಸುತ್ತಿದ್ದರು. ಬೀಗರ ಮದುವೆಯೊಂದರಲ್ಲಿ ಯಾರೋ ಅವನನ್ನು ‘ರದ್ದಿ ಹರಾಜಿನವರು’ ಎಂದು ಪರಿಚಯ ಮಾಡಿಸಿದರು. ಅಣ್ಣ ಲಿಂಗಪ್ಪ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತಿದ್ದ, ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡ. ಒಂದೇ ಒಂದು ದೊಡ್ಡ ಮನೆಯ ಮಾಲು ತನ್ನ ಕಟ್ಟೆಗೆ ಬರಬೇಕು, ಅದೂ ಮನೆಯವರೇ ನಂಬಿ ತಂದು ಇಳಿಸಬೇಕು ಎಂಬುದು ಅವತ್ತಿನಿಂದ ಅವನ ಹಟವಾಯಿತು.

ಅವಕಾಶ ಬಂದದ್ದು 2001ರಲ್ಲಿ. ಭದ್ರಾವತಿಯ ಕಬ್ಬಿಣದ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದ ಹೊನ್ನಯ್ಯ ಎಂಬವರು ತೀರಿಕೊಂಡು ಕೆಲವು ತಿಂಗಳಾಗಿದ್ದವು. ಮೂವತ್ತು ವರ್ಷ ಪುಸ್ತಕ ಕೂಡಿಟ್ಟಿದ್ದ ಮನುಷ್ಯ. ಅವರ ಹೆಂಡತಿ ವಸಂತಮ್ಮ ಕ್ವಾರ್ಟರ್ಸ್ ಖಾಲಿ ಮಾಡಿ ಶಿವಮೊಗ್ಗದ ಗೋಪಾಳದಲ್ಲಿ ಮಗಳು ಸಿರಿಯ ಮನೆಗೆ ಹೊರಟಿದ್ದರು. ಸುದ್ದಿ ತಂದ ಮೂರ್ತಪ್ಪ, ಬೆಂಗಳೂರಿನವನೊಬ್ಬ ಆಗಲೇ ಬಂದು ಇಡೀ ಮಾಲಿಗೆ ಒಂದು ಬೆಲೆ ಹೇಳಿ ಹೋಗಿದಾನೆ, ನಾಳೆಯೇ ಹೋಗು ಮಾರಾಯ ಅಂದ.

ಷಡಕ್ಷರಪ್ಪ ಒಗೆದ ಪಂಚೆ ಉಟ್ಟು, ವಿಭೂತಿ ಹಚ್ಚಿ, ಜ್ಞಾನೇಶನನ್ನು ಕರೆದುಕೊಂಡು ಭದ್ರಾವತಿಯ ಬಸ್ಸು ಹತ್ತಿದ. ವಸಂತಮ್ಮ ಕ್ವಾರ್ಟರ್ಸಿನ ಜಗಲಿಯಲ್ಲಿ ಸೊಪ್ಪಿನವಳ ಜೊತೆ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಚೌಕಾಶಿ ಮಾಡುತ್ತಿದ್ದರು. ಅದು ಮುಗಿಯುವ ತನಕ ಇವರನ್ನು ನಿಲ್ಲಿಸಿ ಆಮೇಲೆ ಒಳಗೆ ಕರೆದರು. ಮನೆ ತುಂಬ ಪುಸ್ತಕ. ಬಚ್ಚಲಿಗೆ ಹೋಗುವ ದಾರಿಯಲ್ಲೂ ಅಟ್ಟಣಿಗೆ ಮಾಡಿ ಜೋಡಿಸಿದ್ದರು. ಜ್ಞಾನೇಶ ಒಂದೊಂದೇ ತೆಗೆದು ನೋಡತೊಡಗಿದ. ವಸಂತಮ್ಮನಿಗೆ ಮನೆ ಬಿಡುವ ದುಃಖವೇನೂ ಇದ್ದಂತಿರಲಿಲ್ಲ. ಗೋಪಾಳದಲ್ಲಿ ಮೂರು ಹೊತ್ತೂ ನಲ್ಲಿಯಲ್ಲಿ ನೀರು ಬರುತ್ತದಂತೆ ಎಂದು ಸಂತೋಷವಾಗಿ ಹೇಳಿದರು. ಪುಸ್ತಕಗಳ ಕಡೆ ಕೈ ಮಾಡಿ, ಈ ಸವತಿಯರನ್ನೆಲ್ಲ ಒಟ್ಟಿಗೆ ಸಾಗಹಾಕಬೇಕು ನೋಡಿ, ಅದಕ್ಕೇ ಹುಷಾರಾಗಿ ಬೀಗರನ್ನ ಹುಡುಕ್ತಿದೀನಿ ಎಂದು ನಕ್ಕರು.

ಬೆಂಗಳೂರಿನವರು ಒಂದೇ ಸಲಕ್ಕೆ ದುಡ್ಡು ಎಣಿಸಿ ಲಾರಿ ತರ್ತಾರೆ, ನೀವೇನು ಮಾಡ್ತೀರಿ ಎಂದು ಕೇಳಿದರು.

“ಅಮ್ಮಾ, ಅವರು ವ್ಯಾಪಾರಿಗಳು. ಲಾರಿ ಹತ್ತಿದ ಮೇಲೆ ಮಾಲು ಅವರದು. ನಾನು ದಲಾಲಿ. ಕೊನೇ ಚೀಟಿ ಬಿಚ್ಚೋ ತನಕ ಮಾಲು ನಿಮ್ಮದೇ. ಬಿದ್ದ ರೇಟು ನಿಮಗೆ ಒಪ್ಪಿಗೆ ಆಗದಿದ್ರೆ, ಆಗಲ್ಲ ಅಂತ ಹೇಳಿ ಎತ್ಕೊಂಡು ಹೋಗ್ಬಹುದು. ಅಡಿಕೆ ರೈತರಿಗೂ ಆ ಹಕ್ಕಿದೆ.”

“ನಾನೇ ಬಂದು ಕೂರ್ಬಹುದಾ?”

“ಕಟ್ಟೆ ಮೇಲೆ ನಿಮಗೆ ಕುರ್ಚಿ ಹಾಕಿಸ್ತೀನಿ.”

ವಸಂತಮ್ಮನಿಗೆ ಇದು ಹಿಡಿಸಿತು. ಜೀವಮಾನದಲ್ಲಿ ಒಂದು ಸಲವಾದರೂ ಈ ಪುಸ್ತಕಗಳಿಗೆ ಬೇಡ ಅನ್ನೋ ಅಧಿಕಾರ ನನಗೆ ಬಂತಲ್ಲ ಎಂದು ಕಾಫಿ ಮಾಡಲು ಎದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಷಡಕ್ಷರಪ್ಪ ಪಕ್ಕದವರಿಗೆಲ್ಲ ಶೇಂಗಾ ಹಂಚಿದ.

ಮುಂದಿನ ವಾರ ಲಾರಿಯಲ್ಲಿ ಮಾಲು ಬಂತು. ಜ್ಞಾನೇಶ ಓಡೋಡಿ ದರ್ಜೆ ಹಾಕಿ ಲಾಟುಗಳನ್ನು ಬೇರೆ ಮಾಡಿಟ್ಟ. ಸರಕಿನ ಸಾಲಿನಲ್ಲಿ ಅವನು ಇಟ್ಟದ್ದರಲ್ಲಿ ಒಂದು ಟ್ರಂಕು ತುಂಬ ನಾಟಕ ಕಂಪನಿಗಳ ಹಾಡಿನ ಪುಸ್ತಕ ಇದ್ದವು. ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ತೆಳ್ಳನೆಯ ಪುಸ್ತಕಗಳು, ಗುಲಾಬಿ, ಹಳದಿ, ತಿಳಿಹಸಿರು ಮೇಲುಹಾಳೆಯವು. ಇವು ಸರಕು ಎಂದಷ್ಟೇ ಹೇಳಿ ಅವನು ಪರೀಕ್ಷೆಯ ಮೌಲ್ಯಮಾಪನಕ್ಕೆ ದಾವಣಗೆರೆಗೆ ಹೋದ. ಯಾಕೆ ಸರಕು ಎಂದು ಹೇಳಲಿಲ್ಲ. ಷಡಕ್ಷರಪ್ಪ ಕೇಳಲೂ ಇಲ್ಲ.

ಈ ಮಾಲು ಮಂಡಿಯ ಇತಿಹಾಸದಲ್ಲೇ ಎಲ್ಲಕ್ಕಿಂತ ಚೊಕ್ಕ ಇರಬೇಕು ಎಂದು ಷಡಕ್ಷರಪ್ಪ ತೀರ್ಮಾನ ಮಾಡಿದ್ದ. ಯಾವತ್ತೂ ಅಂಗಳಕ್ಕೆ ಬಾರದವನು ಈ ಸಲ ಹೆಂಗಸರ ಜೊತೆ ಮಣೆ ಹಾಕಿಕೊಂಡು ಕೂತ. ಹಾಡಿನ ಪುಸ್ತಕಗಳ ಟ್ರಂಕು ತೆಗೆದಾಗ ಅವನ ಮುಖ ಹುಳ್ಳಗಾಯಿತು. ಪಿನ್ನುಗಳು ತುಕ್ಕು ಹಿಡಿದು ಮೇಲುಹಾಳೆಗೆ ಕಂದು ಕಲೆ ಇಳಿದಿತ್ತು. ಅಂಚುಗಳನ್ನು ಬೆಳ್ಳಿಮೀನು ಹುಳ ಕೆರೆದಿತ್ತು. ಒಳಗಿನ ಪುಟಗಳು ಮಾತ್ರ ಬೆಳ್ಳಗೆ ಗಟ್ಟಿಯಾಗಿದ್ದವು. ಚಿನ್ನಮ್ಮ ಒಂದನ್ನು ಎತ್ತಿ, ಸಾವ್ಕಾರ್ರೇ, ಇದನ್ನೇನು ಮಾಡೋದು, ಒಳಗಿನದು ಚೆನ್ನಾಗದೆ, ಮೇಲಿನದು ಗಬ್ಬೆದ್ದದೆ ಅಂದಳು.

“ಸಿಪ್ಪೆ ಸುಲೀದೆ ಅಡಿಕೆ ಮಾರ್ತಾರೇನೆ? ಸುಲಿ” ಅಂದ ಷಡಕ್ಷರಪ್ಪ.

ಸುಲಿದರು. ಪಿನ್ನು ಕಿತ್ತು, ಮೇಲುಹಾಳೆ ತೆಗೆದು, ಒಳಗಿನ ಪುಟಗಳನ್ನು ಸಮ ಮಾಡಿ, ವೀರಮ್ಮ ದಬ್ಬಳ ಹಿಡಿದು ಹತ್ತು ಹತ್ತು ಪುಸ್ತಕ ಸೇರಿಸಿ ಹೊಲಿದಳು. ಚೌಕದ ಬೈಂಡರ್ ನೀಲಿ ಬಟ್ಟೆಯ ರಟ್ಟು ಹಾಕಿಕೊಟ್ಟ. ಸಾಲಾಗಿ ನಿಲ್ಲಿಸಿದಾಗ ಪೊಲೀಸರ ಪರೇಡಿನ ಹಾಗೆ ಕಾಣುತ್ತಿದ್ದವು. ಷಡಕ್ಷರಪ್ಪ ದಿನಕ್ಕೆರಡು ಸಲ ಹೋಗಿ ಅವುಗಳ ಬೆನ್ನು ಸವರಿ ಬರುತ್ತಿದ್ದ. ಅಷ್ಟು ತೃಪ್ತಿ ಅವನಿಗೆ ಮಗಳು ಅಮೂಲ್ಯಳ ಮದುವೆಯಲ್ಲೂ ಆಗಿರಲಿಲ್ಲ ಎಂದು ವೀರಮ್ಮ ಚುಚ್ಚಿದಳು. ಸುಲಿದ ಹಾಳೆಗಳು ಪದ್ಧತಿಯಂತೆ ಚಿನ್ನಮ್ಮನ ಪಾಲಿಗೆ ಹೋದವು.

ಹರಾಜಿಗೆ ಎರಡು ದಿನ ಇದ್ದಾಗ ಜ್ಞಾನೇಶ ದಾವಣಗೆರೆಯಿಂದ ಬಂದ. ಷಡಕ್ಷರಪ್ಪ ಅವನ ಕೈ ಹಿಡಿದು ನೇರ ನೀಲಿ ಸಾಲಿನ ಮುಂದೆ ನಿಲ್ಲಿಸಿದ. ಜ್ಞಾನೇಶ ಒಂದನ್ನು ತೆಗೆದು ಬಿಚ್ಚಿದ, ಇನ್ನೊಂದನ್ನು ಬಿಚ್ಚಿದ. ಆಮೇಲೆ ಗೊರಬಲಿನ ಮೂಟೆಯ ಮೇಲೆ ಕೂತುಬಿಟ್ಟ.

“ಮಾವ, ಮೇಲುಹಾಳೆ ಎಲ್ಲಿ?”

ಹಾಡುಗಳು ಎಲ್ಲ ಕಂಪನಿಯವರಲ್ಲೂ ಅವೇ, ಒಬ್ಬರದನ್ನು ಇನ್ನೊಬ್ಬರು ಕದ್ದು ಅಚ್ಚು ಹಾಕಿಸುತ್ತಿದ್ದರು ಎಂದು ಅವನು ಬಿಡಿಸಿ ಹೇಳಿದ. ಕಂಪನಿಯ ಹೆಸರು, ಟೆಂಟು ಹಾಕಿದ ಊರು, ವರ್ಷ, ಯಾರು ಯಾವ ಪಾತ್ರ, ಟಿಕೆಟ್ಟು ಚಾಪೆಗೆಷ್ಟು, ಕುರ್ಚಿಗೆಷ್ಟು, ಎಲ್ಲ ಇದ್ದದ್ದು ಆ ಬಣ್ಣದ ಹಾಳೆಯ ಮೇಲೆ ಮಾತ್ರ. ಬೇರೆಲ್ಲೂ ಅದು ಬರೆದಿಲ್ಲ. ಮೈಸೂರು, ಧಾರವಾಡದಿಂದ ಜನ ಬರುತ್ತಿರುವುದು ಅದನ್ನು ನೋಡಿ ಚೀಟಿ ಹಾಕಲು.

ಷಡಕ್ಷರಪ್ಪ ನಿಂತಲ್ಲೇ ಎರಡು ಸಲ ಪಂಚೆ ಬಿಚ್ಚಿ ಕಟ್ಟಿಕೊಂಡ. ಆಮೇಲೆ ಹೊರಟ. ಚಿನ್ನಮ್ಮನನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದರೆ, ಕಡಲೆಕಾಯಿ ಗಾಡಿಯವನ ಹತ್ತಿರ ಪೊಟ್ಟಣ ಕಟ್ಟದೆ ಉಳಿದಿದ್ದ ಒಂಬತ್ತು ಹಾಳೆ ಸಿಕ್ಕಿದವು. ಉಳಿದವುಗಳಲ್ಲಿ ಜನ ಕಡಲೆಕಾಯಿ ತಿಂದು ಸಾಗರದ ಬಸ್ಸು, ಚಿತ್ರದುರ್ಗದ ಬಸ್ಸು ಹತ್ತಿ ಹೋಗಿದ್ದರು. ಬಣ್ಣದ ಕಾಗದ ಸಾರ್, ಮಕ್ಕಳು ಅದ್ರಲ್ಲೇ ಬೇಕು ಅಂತ ಹಟ ಮಾಡ್ತಿದ್ವು ಎಂದು ಗಾಡಿಯವನು ಹೇಳಿದ. ಅಲ್ಲಿಂದ ಭದ್ರಾವತಿಗೆ ಹೋದರು. ಮೂರ್ತಪ್ಪನ ಲಾರಿ ಬುಧವಾರವೇ ರಟ್ಟಿನ ಕಾರ್ಖಾನೆಗೆ ಹೋಗಿ ಬಂದಿತ್ತು. ಅದು ಇಷ್ಟೊತ್ತಿಗೆ ಗಂಜಿಯಾಗಿ ಮಿಠಾಯಿ ಡಬ್ಬ ಆಗಿರುತ್ತೆ ಮಾರಾಯ, ಅದನ್ನ ಎಲ್ಲಿ ಅಂತ ಹುಡುಕ್ತೀಯ ಎಂದ ಮೂರ್ತಪ್ಪ.

ಮನೆಯಲ್ಲಿ ಚರ್ಚೆ ನಡೆಯಿತು. ಮಾಲು ಬಂದಾಗಲೇ ಹಾಗಿತ್ತು ಅಂದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಜ್ಞಾನೇಶ ಸಣ್ಣ ದನಿಯಲ್ಲಿ ಹೇಳಿದ. ವೀರಮ್ಮ ಅದಕ್ಕೆ ಒಪ್ಪಲಿಲ್ಲ. ಗೋಪಾಳಕ್ಕೆ ಹೋಗಿ ಆ ಹೆಂಗಸಿಗೆ ಗುಟ್ಟಾಗಿ ಹೇಳಿ ಕೈ ಮುಗಿದು ಬನ್ನಿ ಅಂದಳು. ಷಡಕ್ಷರಪ್ಪ ಎರಡೂ ಬೇಡ ಅಂದ. ಮಂಡಿಯೊಳಗೆ ಮಾಲು ಕೆಟ್ಟರೆ ಮಾಲಿನವರಿಗೂ ಖರೀದಿದಾರರಿಗೂ ಒಟ್ಟಿಗೆ, ಕಟ್ಟೆಯ ಮೇಲೆ ನಿಂತು, ಚೀಟಿ ಹಾಕುವ ಮುಂಚೆ ಹೇಳಬೇಕು. ಒಬ್ಬರಿಗೆ ಮೊದಲು ಹೇಳಿದರೆ ಇನ್ನೊಬ್ಬರು ದಲಾಲಿ ಅವರ ಕಡೆಯವನು ಅನ್ನುತ್ತಾರೆ. ಅಪ್ಪ ಹಾಗೇ ಮಾಡುತ್ತಿದ್ದ. ಅವರು ಇಡೀ ಮಾಲು ವಾಪಸು ಎತ್ಕೊಂಡು ಹೋದ್ರೆ ಎಂದು ವೀರಮ್ಮ ಕೇಳಿದಳು. ಹೋಗ್ತಾರೆ, ಆಮೇಲೆ ಈ ಬಾಗಿಲಿಗೆ ಯಾರೂ ಬರಲ್ಲ, ಮತ್ತೆ ಬೆಲ್ಲ ಇಡೋಣ ಅಂದ. ಅವತ್ತು ಅವನು ಊಟ ಸರಿಯಾಗಿ ಮಾಡಲಿಲ್ಲ. ಮಾರನೆಯ ದಿನವೂ ಇಲ್ಲ.

ಭಾನುವಾರ ಹಜಾರ ತುಂಬಿತು. ಮೈಸೂರು, ಧಾರವಾಡದವರು ಬಂದಿದ್ದರು. ಬೆಂಗಳೂರಿನ ಆ ವ್ಯಾಪಾರಿಯೂ ಕಪ್ಪು ಕನ್ನಡಕ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಅಣ್ಣ ಲಿಂಗಪ್ಪನೂ ಬಂದು ಕಂಬಕ್ಕೊರಗಿ ನಿಂತಿದ್ದ. ವಸಂತಮ್ಮ ಮಗಳು ಸಿರಿಯ ಜೊತೆ ಬಂದು ಕಟ್ಟೆಯ ಮೇಲಿನ ಕುರ್ಚಿಯಲ್ಲಿ ಸೆರಗು ಹೊದ್ದು ಕೂತರು.

ಷಡಕ್ಷರಪ್ಪ ಎದ್ದು ನಿಂತ.

“ಚೀಟಿ ಹಾಕೋಕೆ ಮುಂಚೆ ಒಂದು ಮಾತು. ಹಾಡಿನ ಪುಸ್ತಕದ ಲಾಟಲ್ಲಿ ಮಾಲು ಕೆಟ್ಟಿದೆ. ಮೇಲುಹಾಳೆ ಇಲ್ಲ. ಬರುವಾಗ ಇತ್ತು. ಅದೇ ಮಾಲು ಅಂತ ನನಗೆ ತಿಳೀಲಿಲ್ಲ, ಸಿಪ್ಪೆ ಅಂತ ನಾನೇ ಸುಲಿಸಿದೆ. ಒಂಬತ್ತು ಸಿಕ್ಕಿದಾವೆ, ಉಳಿದದ್ದು ಸಿಗಲ್ಲ.”

ಹಜಾರದಲ್ಲಿ ಯಾರೋ ‘ಶಿವಶಿವಾ’ ಅಂದರು. ಧಾರವಾಡದ ಒಬ್ಬರು ಚೀಟಿ ಪುಸ್ತಕ ಮುಚ್ಚಿ ಜೇಬಿಗಿಟ್ಟರು. ವಸಂತಮ್ಮ ಕೈ ಚಾಚಿದರು. ಜ್ಞಾನೇಶ ಒಂದು ನೀಲಿ ಪುಸ್ತಕ ಕೊಟ್ಟ. ಅವರು ಬಿಚ್ಚಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಇದನ್ನು ಹೊಲಿದವರು ಯಾರು ಎಂದು ಕೇಳಿದರು. ಬಾಗಿಲ ಹತ್ತಿರ ನಿಂತಿದ್ದ ವೀರಮ್ಮ ನಾನೇ ಅಂದಳು.

“ಚೆನ್ನಾಗಿ ಹೊಲಿದಿದೀರಿ” ಅಂದರು ವಸಂತಮ್ಮ. ಆಮೇಲೆ ಎಲ್ಲರಿಗೂ ಕೇಳುವಂತೆ, ತಮ್ಮ ಯಜಮಾನರು ಇದರಲ್ಲಿ ಒಂದು ನಾಟಕವನ್ನೂ ನೋಡಿದವರಲ್ಲ, ಶಿಫ್ಟು ಮುಗಿಸಿ ಮಲಗುತ್ತಿದ್ದರು, ಈ ಹಾಡನ್ನೂ ಯಾವತ್ತೂ ಓದಲಿಲ್ಲ, ಭಾನುವಾರ ಆ ಬಣ್ಣದ ಹಾಳೆಗಳನ್ನ ಮಾತ್ರ ಚಾಪೆ ಮೇಲೆ ಹರವಿಕೊಂಡು ಕೂರುತ್ತಿದ್ದರು ಎಂದು ಹೇಳಿದರು. ದನಿಯಲ್ಲಿ ಅಳು ಇರಲಿಲ್ಲ. ಸಿಟ್ಟಿತ್ತೋ ಇಲ್ಲವೋ ಷಡಕ್ಷರಪ್ಪನಿಗೆ ತಿಳಿಯಲಿಲ್ಲ. ಅವನು ಅವರ ಪಾದದ ಹತ್ತಿರದ ನೆಲ ನೋಡುತ್ತಾ ನಿಂತಿದ್ದ.

ಬೆಂಗಳೂರಿನವನು ಎದ್ದು ಬಂದು ಕುರ್ಚಿಯ ಪಕ್ಕ ಬಗ್ಗಿದ. ಮೇಡಂ, ಇನ್ನೂ ತಡ ಆಗಿಲ್ಲ, ಎಲ್ಲ ವಾಪಸು ತಗೊಳ್ಳಿ, ನನ್ನ ರೇಟು ಹಾಗೇ ಇದೆ, ಲಾರಿ ಇಲ್ಲೇ ಕರೆಸ್ತೀನಿ ಅಂದ.

ವಸಂತಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. “ಇದೇ ಕೆಲಸ ನಿಮ್ಮ ಗೋಡೌನಲ್ಲಿ ಆಗಿದ್ರೆ ನನಗೆ ಹೇಳ್ತಿದ್ರಾ?”

“ಛೆ, ನಾವು ಹಾಗೆಲ್ಲ ಕೀಳಲ್ಲ ಮೇಡಂ.”

“ಕೀಳ್ತಿದ್ರಾ ಅಂತ ಕೇಳಿಲ್ಲ. ಹೇಳ್ತಿದ್ರಾ ಅಂತ ಕೇಳಿದ್ದು.”

ಅವನು ನಕ್ಕು ಕನ್ನಡಕ ಒರೆಸಿಕೊಂಡ. ವಸಂತಮ್ಮ ಷಡಕ್ಷರಪ್ಪನ ಕಡೆ ತಿರುಗಿದರು.

“ಆ ಲಾಟು ಸರಕಿನಿಂದ ತೆಗೀರಿ. ಗೊರಬಲಿಗೆ ಹಾಕಿ. ಅದಕ್ಕೆ ದಲಾಲಿ ಹಿಡಿಯೋ ಹಾಗಿಲ್ಲ. ಸಿಕ್ಕಿದ ಒಂಬತ್ತು ನನಗೆ ಕೊಟ್ಟುಬಿಡಿ. ಇನ್ನು ಗಂಟೆ ಹೊಡೀರಿ, ಸೆಕೆ ಆಗ್ತಿದೆ.”

ಷಡಕ್ಷರಪ್ಪ ಗಂಟೆ ಹೊಡೆದ. ಎರಡು ಸಲ ಜಾಸ್ತಿಯೇ ಹೊಡೆದ.

ಉಳಿದ ಮಾಲು ಅವನ ಕಟ್ಟೆ ಯಾವತ್ತೂ ಕಾಣದ ಬೆಲೆಗೆ ಹೋಯಿತು. ಚೀಟಿ ಪುಸ್ತಕ ಜೇಬಿಗಿಟ್ಟಿದ್ದ ಧಾರವಾಡದವರು ಮತ್ತೆ ತೆಗೆದರು. ಬೆಂಗಳೂರಿನವನೂ ಬಿಡದೆ ಚೀಟಿ ಹಾಕಿ ಎರಡು ಲಾಟು ಗೆದ್ದ. ವಸಂತಮ್ಮ ಒಂದು ಲಾಟಿಗೆ ಮಾತ್ರ ಆಗಲ್ಲ ಅಂದರು. ಅದು ಹಳೇ ಮಹಿಳಾ ಪತ್ರಿಕೆಗಳ ಕಟ್ಟು. ರೇಟು ಚೆನ್ನಾಗಿದೆ, ಆದ್ರೆ ಇದು ಅವರದ್ದಲ್ಲ, ನಂದು, ಕಸೂತಿ ಚಿತ್ರ ಇದೆ ಎಂದು ತೊಡೆಯ ಮೇಲೆ ಇಟ್ಟುಕೊಂಡರು. ಗೊರಬಲಿಗೆ ಬಿದ್ದ ನೀಲಿ ಪುಸ್ತಕಗಳನ್ನು ಕುಂಸಿಯ ಹಾರ್ಮೋನಿಯಂ ಮೇಷ್ಟ್ರೊಬ್ಬರು ಕೊಂಡರು. ಅವರು ಊರ ಹುಡುಗರಿಗೆ ನಾಟಕ ಕಲಿಸುವವರ ಪೈಕಿ. ಅಕ್ಷರ ಚೆನ್ನಾಗಿ ಕಾಣ್ತವೆ, ಬೈಂಡೂ ಗಟ್ಟಿ, ಹತ್ತು ವರ್ಷ ಬಾಳಿಕೆ ಬರುತ್ತೆ ಎಂದು ಖುಷಿಯಾಗಿ ಮೆಟ್ಟಿಲ ಮೇಲೆಯೇ ಒಂದು ಹಾಡು ಶುರು ಮಾಡಿದರು. ಮೂರ್ತಪ್ಪ ಅವರನ್ನು ಆಟೋ ಹತ್ತಿಸಿದ.

ಎಲ್ಲ ಮುಗಿದ ಮೇಲೆ ಲಿಂಗಪ್ಪ ಕಂಬ ಬಿಟ್ಟು ಬಂದು, ಅಪ್ಪನ ಕುರ್ಚಿ ನನ್ನ ಹತ್ರ ಯಾರ್ಡಲ್ಲಿ ಸುಮ್ನೆ ಬಿದ್ದಿದೆ, ನಾಳೆ ಕಳಿಸ್ತೀನಿ, ಇಲ್ಲಿ ಹಾಕ್ಕೋ ಅಂದ. ಷಡಕ್ಷರಪ್ಪ ಸರಿ ಅಂದ. ಅವತ್ತು ರಾತ್ರಿ ಅವನು ಮೂರು ರೊಟ್ಟಿ ತಿಂದು, ಇನ್ನೂ ಇದೆಯಾ ಎಂದು ಕೇಳಿದ.

ಮುಂದಿನ ವರ್ಷ ತೀರ್ಥಹಳ್ಳಿಯಿಂದ ಒಂದು ಮನೆಯ ಮಾಲು ಬಂತು, ಆಮೇಲೆ ಸಾಗರದಿಂದ, ಆಮೇಲೆ ಒಂದು ಮಠದಿಂದ. ತಂದವರು ವಸಂತಮ್ಮ ಹೇಳಿ ಕಳಿಸಿದರು ಎನ್ನುತ್ತಿದ್ದರು. ಅಂಗಳದಲ್ಲಿ ಹೊಸ ನಿಯಮ ಬಂತು. ಕುಂಚದಿಂದ ಧೂಳು ಹೊಡೆಯುವುದು ಬಿಟ್ಟರೆ, ಪುಸ್ತಕದೊಳಗಿನ ಬಸ್ ಟಿಕೆಟ್ಟನ್ನೂ ಯಾರೂ ಮುಟ್ಟಬಾರದು. ಹುಡಿಯ ಪಾಲು ನಿಂತುಹೋದದ್ದಕ್ಕೆ ಚಿನ್ನಮ್ಮ, ಪುಟ್ಟಲಕ್ಷ್ಮಿ ಮುನಿಸಿಕೊಂಡರು, ಕೂಲಿ ಹೆಚ್ಚಿಸಿದ ಮೇಲೆ ಸರಿಹೋದರು. 2007ರಲ್ಲಿ ಜ್ಞಾನೇಶನ ಕೆಲಸ ಖಾಯಂ ಆಗಿ ಅವನಿಗೆ ಪುರುಸೊತ್ತು ಇಲ್ಲದಾಯಿತು. ಷಡಕ್ಷರಪ್ಪನಿಗೂ ಮಂಡಿನೋವು ಬಂದು ಕಟ್ಟೆ ಹತ್ತುವುದು ಕಷ್ಟವಾಯಿತು. ಜಗಳ, ಬೇಸರ ಯಾವುದೂ ಇಲ್ಲದೆ ಮಂಡಿ ಮುಚ್ಚಿದರು. ಕಟ್ಟಡವನ್ನು ಪಕ್ಕದ ಬಟ್ಟೆ ಅಂಗಡಿಯವರೇ ಬಾಡಿಗೆಗೆ ಹಿಡಿದರು. ಷಡಕ್ಷರಪ್ಪ ಈಗಲೂ ಧಾರಣೆಯ ಪುಟ ನೋಡಿ ಪೇಪರ್ ಮಡಚುತ್ತಾನೆ. ಆ ಮಂಡಿಯಲ್ಲಿ ಎಷ್ಟು ಪುಸ್ತಕ ಮಾರಾಟವಾದವು ಎಂದು ಯಾರಾದರೂ ಕೇಳಿದರೆ ಅವನಿಗೆ ನೆನಪಿಲ್ಲ. ಕೆಟ್ಟದ್ದರ ಲೆಕ್ಕ ಮಾತ್ರ ಕೇಳಿದ ಕೂಡಲೇ ಹೇಳುತ್ತಾನೆ.

ಹೊನ್ನಯ್ಯನವರ ಮಾಲಿನಲ್ಲಿ ಹಾಡಿನ ಪುಸ್ತಕ ಇನ್ನೂರ ಹನ್ನೆರಡು. ಸಿಕ್ಕ ಮೇಲುಹಾಳೆ ಒಂಬತ್ತು. ಹೋದದ್ದು ಇನ್ನೂರ ಮೂರು.